ಸರ್ವರ್ ಗಡಿಯಾರ ತಪ್ಪಿದಾಗ: ತಿದ್ದುವ ಮೊದಲು ವ್ಯತ್ಯಾಸವನ್ನು ಓದಿ

ಸರ್ವರ್‌ನ ಸಮಯ ತಪ್ಪಾಗಿದೆ ಎಂದು ತಿಳಿದ ಕೂಡಲೇ ‘ಡೇಟ್’ ಕಮಾಂಡ್ ಕೊಟ್ಟು ಕೈಯಿಂದ ಸರಿಪಡಿಸುವುದು ಕಲಿಯುವ ಹಂತದಲ್ಲಿ ಬಹಳ ಮಂದಿಯ ಅಭ್ಯಾಸ. ಅದನ್ನು ಬಿಡಬೇಕು. ಗಡಿಯಾರ ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಎಂಬುದೇ ದೋಷದ ಮೊದಲ ಸಾಕ್ಷಿ. ಕೈಯಿಟ್ಟ ಕ್ಷಣವೇ ಆ ಸಾಕ್ಷಿ ಅಳಿಸಿಹೋಗುತ್ತದೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಮೇಲಾಗಿ, ನಡೆಯುತ್ತಿರುವ ಡೇಟಾಬೇಸ್‌ನ ಕಾಲವನ್ನು ಥಟ್ಟನೆ ಹಿಂದಕ್ಕೆ ತಳ್ಳಿದರೆ ಈಗಾಗಲೇ ದಾಖಲಾದ ವಹಿವಾಟಿಗಿಂತ ಅನಂತರದ ವಹಿವಾಟು ಹಳೆಯದಾಗಿ ಕಾಣುವ ಅಪಾಯವಿದೆ.

ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ ಇದ್ದರೆ ನೆಟ್‌ವರ್ಕ್‌ನಲ್ಲಿ ದೋಷ ಹುಡುಕುವುದು ವ್ಯರ್ಥ. ಅದು ಕಾಲವಲಯದ ತೊಂದರೆ: ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಭಾರತೀಯ ಕಾಲಮಾನವಿದ್ದು, ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದಿಕೊಂಡರೆ ಸಮಯ ಅಷ್ಟೇ ಮುಂದೆ ಹೋಗುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಕಮಾಂಡ್ ಸ್ಥಳೀಯ ಸಮಯ, ಯುಟಿಸಿ ಮತ್ತು ಹಾರ್ಡ್‌ವೇರ್ ಗಡಿಯಾರ ಮೂರನ್ನೂ ಒಂದರ ಕೆಳಗೊಂದು ತೋರಿಸುವುದರಿಂದ ಇದು ಅಲ್ಲೇ ಬಯಲಾಗುತ್ತದೆ. ವಿದ್ಯುತ್ ಹೋಗಿ ಬಂದ ಮೇಲೆ ಯಂತ್ರ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸಿದರೆ ಮದರ್‌ಬೋರ್ಡ್ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದು ಶಂಕಿಸಬೇಕು. ದಿನಕ್ಕೆ ಒಂದೆರಡು ಸೆಕೆಂಡಿನಂತೆ ಒಂದೇ ದಿಕ್ಕಿಗೆ ಬೆಳೆಯುವ ವ್ಯತ್ಯಾಸ ಬೇರೆಯದೇ ಕಥೆ. ಅಲ್ಲಿ ಸಿಂಕ್, ಅಂದರೆ ಸಮಯ ಕೊಡುವ ಸರ್ವರ್‌ಗೆ (ಮೂಲಕ್ಕೆ) ಗಡಿಯಾರ ಹೊಂದಿಸುವ ಕೆಲಸ, ನಿಂತುಹೋಗಿದೆ, ಕ್ವಾರ್ಟ್ಜ್ ಹರಳು ತನ್ನ ವೇಗದಲ್ಲಿ ಓಡುತ್ತಿದೆ. ಹರಳಿನ ವೇಗದಲ್ಲಿ ದಶಲಕ್ಷಕ್ಕೆ 20 ಪಾಲು ದೋಷವಿದ್ದರೆ ದಿನವೊಂದರ 86,400 ಸೆಕೆಂಡುಗಳಲ್ಲಿ ಸುಮಾರು 1.7 ಸೆಕೆಂಡ್ ತಪ್ಪುತ್ತದೆ. ಇಷ್ಟು ಅಲ್ಪ ದೋಷವೂ ಸಾಕು: ವೈಟ್‌ಫೀಲ್ಡ್‌ನ ಸರ್ವರ್ ಒಂದು ವಾರ ಸಿಂಕ್ ಇಲ್ಲದೆ ಓಡಿದರೆ, ಮುಂಬೈನ ಸರ್ವರ್‌ಗೆ ಹೋದ ಕೋರಿಕೆ ಹೊರಡುವುದಕ್ಕೆ ಮೊದಲೇ ತಲುಪಿದಂತೆ ಲಾಗ್‌ಗಳಲ್ಲಿ ಕಾಣಬಹುದು.

ಇನ್ನು ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವಿಧಾನವಾದ ಎನ್‌ಟಿಪಿಯ ಲೆಕ್ಕ. ಕೋರಿಕೆ ಹೊರಟ ಸಮಯ, ಅದು ಸರ್ವರ್ ತಲುಪಿದ ಸಮಯ, ಉತ್ತರ ಹೊರಟ ಸಮಯ, ಉತ್ತರ ನಮಗೆ ತಲುಪಿದ ಸಮಯ, ಹೀಗೆ ನಾಲ್ಕು ಸಮಯಮುದ್ರೆಗಳಿಂದ ಅದು ಗಡಿಯಾರದ ಅಂತರವನ್ನು ಕಂಡುಹಿಡಿಯುತ್ತದೆ. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿಯುತ್ತದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಹೋಗಲು 30 ಮಿಲಿಸೆಕೆಂಡ್, ಬರಲು 20 ಮಿಲಿಸೆಕೆಂಡ್ ಆದರೆ ವ್ಯತ್ಯಾಸದ ಅರ್ಧ, ಅಂದರೆ 5 ಮಿಲಿಸೆಕೆಂಡ್, ದೋಷವಾಗಿ ಉಳಿಯುತ್ತದೆ. ಇದನ್ನು ಯಾವ ಸೆಟ್ಟಿಂಗ್‌ನಿಂದಲೂ ಪೂರ್ತಿ ತೆಗೆಯಲಾಗದು. ಹತ್ತಿರದ ಮೂಲವನ್ನು ಆರಿಸುವುದೇ ಮೇಲು.

ಪರಿಶೀಲನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ‘ರೀಚ್’ ಎಂಬ ಅಂಕಣವನ್ನು. ಎನ್‌ಟಿಪಿ ಸಿಂಕ್ ಮಾಡುವ ಕ್ರೋನಿ ಎಂಬ ಪ್ರೋಗ್ರಾಂ ಇರುವ ಯಂತ್ರದಲ್ಲಿ ‘ಕ್ರೋನಿಸಿ ಸೋರ್ಸಸ್’ ಎಂದು ಕೊಟ್ಟರೆ ಪ್ರತಿ ಮೂಲದ ಸಾಲಿನಲ್ಲೂ ಇದು ಕಾಣುತ್ತದೆ. ಕಳೆದ ಎಂಟು ವಿಚಾರಣೆಗಳಲ್ಲಿ ಯಾವುದಕ್ಕೆ ಉತ್ತರ ಬಂತು ಎಂಬುದನ್ನು ಎಂಟು ಬಿಟ್‌ಗಳಲ್ಲಿ ಇಟ್ಟುಕೊಂಡು ಆಕ್ಟಲ್ (ಎಂಟರ ಆಧಾರದ) ಸಂಖ್ಯೆಯಾಗಿ ಬರೆದಿರುತ್ತಾರೆ. 377 ಎಂದರೆ ಎಂಟೂ ಬಂದಿವೆ. 376 ಎಂದರೆ ಕೊನೆಯದೊಂದು ಮಾತ್ರ ತಪ್ಪಿದೆ. 0 ಎಂದರೆ ಯಾವುದೂ ಬಂದಿಲ್ಲ. ಸೊನ್ನೆ ಕಂಡರೆ ಸಮಯದ ವಿಚಾರ ಬಿಟ್ಟು ದಾರಿಯನ್ನು ನೋಡಬೇಕು: ಮೂಲದ ಹೆಸರಿಗೆ ಐಪಿ ವಿಳಾಸ ಸಿಗುತ್ತಿದೆಯೇ, ಯುಡಿಪಿ 123ನೇ ಪೋರ್ಟಿಗೆ ಹೋಗುವ ಪ್ಯಾಕೆಟ್‌ಗಳನ್ನು ಫೈರ್‌ವಾಲ್ ಬಿಡುತ್ತಿದೆಯೇ. ಇಲ್ಲೊಂದು ಸೂಕ್ಷ್ಮವಿದೆ. ಇದೇ ಕೆಲಸದ ಹಳೆಯ ಪ್ರೋಗ್ರಾಂ ಎನ್‌ಟಿಪಿಡಿ ತನ್ನ ಕಡೆಯಿಂದಲೂ 123ನೇ ಪೋರ್ಟನ್ನೇ ಬಳಸುತ್ತದೆ, ಕ್ರೋನಿ ಸಾಮಾನ್ಯವಾಗಿ ಯಾದೃಚ್ಛಿಕ ಪೋರ್ಟಿನಿಂದ ಹೊರಡುತ್ತದೆ. ಆದ್ದರಿಂದ ಎರಡೂ ತುದಿಯಲ್ಲಿ 123 ಇರಲೇಬೇಕು ಎಂದು ಬರೆದ ನಿಯಮ ಎನ್‌ಟಿಪಿಡಿಗೆ ದಾರಿ ಬಿಟ್ಟು ಕ್ರೋನಿಯನ್ನು ತಡೆಯುತ್ತದೆ.

ರೀಚ್ 377 ಇದ್ದೂ ಸಮಯ ಸರಿಹೋಗದಿದ್ದರೆ ಸಾಲಿನ ಆರಂಭದ ಚಿಹ್ನೆಯನ್ನು ನೋಡಿ. ನಕ್ಷತ್ರ ಚಿಹ್ನೆಯ ಮೂಲವೇ ಈಗ ಆಯ್ಕೆಯಾಗಿರುವುದು. ಗುಣಾಕಾರದ ಚಿಹ್ನೆಯಂತೆ ಕಾಣುವ ‘ಎಕ್ಸ್’ ಇದ್ದರೆ ಉಳಿದವುಗಳೊಂದಿಗೆ ಹೊಂದದ ಕಾರಣ ಅದನ್ನು ತಿರಸ್ಕರಿಸಲಾಗಿದೆ. ಎರಡೇ ಮೂಲಗಳನ್ನು ಕೊಡುವುದು ತಪ್ಪು, ಏಕೆಂದರೆ ಅವು ಜಗಳವಾಡಿದರೆ ಯಾರು ಸರಿ ಎಂದು ನಿರ್ಧರಿಸಲು ಮೂರನೆಯವರಿಲ್ಲ. ನಾಲ್ಕು ಕೊಟ್ಟರೆ ಒಂದು ಕೈಕೊಟ್ಟರೂ ಬಹುಮತ ಉಳಿಯುತ್ತದೆ.

ಕೆಲವೊಮ್ಮೆ ತಿದ್ದುಪಡಿ ನಡೆಯುತ್ತಿರುತ್ತದೆ, ನಿಧಾನವಾಗಿ ಮಾತ್ರ. ಕ್ರೋನಿಯ ಬಹುತೇಕ ಸಂರಚನೆಗಳಲ್ಲಿ (ಕಾನ್ಫಿಗ್ ಕಡತಗಳಲ್ಲಿ) ಕಾಣುವ ‘ಮೇಕ್‌ಸ್ಟೆಪ್ 1.0 3’ ಎಂಬ ಸಾಲಿನ ಅರ್ಥ, ಮೊದಲ ಮೂರು ತಿದ್ದುಪಡಿಗಳಲ್ಲಿ ಅಂತರ 1 ಸೆಕೆಂಡ್ ಮೀರಿದರೆ ನೇರವಾಗಿ ಜಿಗಿಯಬಹುದು ಎಂದು. ಅನಂತರ ಜಿಗಿತವಿಲ್ಲ, ವೇಗ ಹೊಂದಿಸಿ ಸರಿದೂಗಿಸುವುದಷ್ಟೇ. ನಿದ್ರಾಸ್ಥಿತಿಯಿಂದ ಎದ್ದ ವರ್ಚುವಲ್ ಯಂತ್ರ ಒಂದು ಗಂಟೆ ಹಿಂದಿದ್ದರೆ, ಸಹಜ ಮಿತಿಯಾದ 12 ಸೆಕೆಂಡಿಗೆ 1 ಸೆಕೆಂಡಿನ ಲೆಕ್ಕದಲ್ಲಿ ಅದು ಸರಿಯಾಗಲು 12 ಗಂಟೆ ಬೇಕು. ಎನ್‌ಟಿಪಿಡಿ ಇನ್ನೂ ಸಾವಧಾನ: ಹೀಗೆ ಜಾರಿಸುತ್ತಲೇ ತಿದ್ದಬೇಕಾದರೆ ಅದಕ್ಕೆ 1 ಸೆಕೆಂಡಿಗೆ 2,000 ಸೆಕೆಂಡ್ ಬೇಕು, ಮತ್ತು ಅಂತರ 1,000 ಸೆಕೆಂಡ್ ಮೀರಿದರೆ ಸಾಮಾನ್ಯವಾಗಿ ಅದು ಕೆಲಸವನ್ನೇ ನಿಲ್ಲಿಸಿ ಹೊರಬರುತ್ತದೆ.

ಸಮಯ ಹಿಂದೆ ಮುಂದೆ ತುಯ್ಯುತ್ತಿದ್ದರೆ ಒಂದು ಗಡಿಯಾರಕ್ಕೆ ಇಬ್ಬರು ಯಜಮಾನರಿದ್ದಾರೆಯೇ ನೋಡಿ. ವರ್ಚುವಲ್ ಯಂತ್ರವನ್ನು ನಡೆಸುವ ಕಂಪ್ಯೂಟರಿನ, ಅಂದರೆ ಹೋಸ್ಟ್‌ನ, ಉಪಕರಣವೊಂದು ಅದರ ಸಮಯ ತಿದ್ದುತ್ತಿರುವಾಗಲೇ ಒಳಗಿನ ಕ್ರೋನಿಯೂ ತಿದ್ದುತ್ತಿರಬಹುದು. ಒಂದನ್ನು ನಿಲ್ಲಿಸಿ. ಕಂಟೇನರ್‌ಗಳಿಗೆ ಪ್ರತ್ಯೇಕ ಗಡಿಯಾರವೇ ಇಲ್ಲ; ಹೋಸ್ಟ್‌ನಲ್ಲಿ ಸರಿಪಡಿಸಬೇಕು.

ಮೂಲಗಳ ಆಯ್ಕೆಯಲ್ಲಿ ನಮಗೆ ಒಂದು ನಿಯಮವೂ ಇದೆ. 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ವ್ಯವಸ್ಥೆಗಳ ಗಡಿಯಾರಗಳನ್ನು ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸಿಂಕ್ ಮಾಡಲು ಹೇಳಿದೆ. ಭಾರತೀಯ ಕಾಲಮಾನವನ್ನು ಕಾಯುವುದು ಇದೇ ಪ್ರಯೋಗಾಲಯ. ಅಂದಹಾಗೆ, ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚರಣೆ ಕೇಂದ್ರವಿದ್ದು, ನಾವಿಕ್ ಉಪಗ್ರಹ ವ್ಯವಸ್ಥೆಯ ಕಾಲವನ್ನು ಅಲ್ಲಿ ಪರಮಾಣು ಗಡಿಯಾರಗಳ ಆಧಾರದಲ್ಲಿ ನಡೆಸುತ್ತಾರೆ. ಆಸಕ್ತರು ಅದರ ಬಗ್ಗೆ ಓದಲೇಬೇಕು.

ದುರಸ್ತಿಯ ಬಳಿಕ ‘ಕ್ರೋನಿಸಿ ಟ್ರ್ಯಾಕಿಂಗ್’ ಕೊಟ್ಟು ಉಳಿದ ಅಂತರ ಕುಗ್ಗುತ್ತಿದೆಯೇ ನೋಡಿ, ಸರಿಯಾದ ಸಮಯವನ್ನು ಹಾರ್ಡ್‌ವೇರ್ ಗಡಿಯಾರಕ್ಕೂ ಬರೆಸುವ ‘ಆರ್‌ಟಿಸಿಸಿಂಕ್’ ಸಾಲು ಸಂರಚನೆಯಲ್ಲಿದೆಯೇ ಖಚಿತಪಡಿಸಿಕೊಳ್ಳಿ, ಸಾಧ್ಯವಿದ್ದರೆ ಯಂತ್ರವನ್ನು ಒಮ್ಮೆ ಮರುಪ್ರಾರಂಭಿಸಿ ಪರೀಕ್ಷಿಸಿ. ಲಾಗಿನ್ ದೃಢೀಕರಿಸುವ ಕರ್ಬರಾಸ್ ವ್ಯವಸ್ಥೆ ಸಾಮಾನ್ಯವಾಗಿ 5 ನಿಮಿಷದ ಅಂತರದವರೆಗೆ ಸಹಿಸುತ್ತದೆ, 30 ಸೆಕೆಂಡಿಗೊಮ್ಮೆ ಬದಲಾಗುವ ಒಟಿಪಿ ಅಷ್ಟು ಸಹಿಸದು. ಹಾಗಾಗಿ ಲಾಗಿನ್ ವಿಫಲವಾಗುವವರೆಗೆ ಕಾಯದೆ, ಅಂತರ 100 ಮಿಲಿಸೆಕೆಂಡ್ ದಾಟಿದಾಗಲೇ ಎಚ್ಚರಿಕೆ ಬರುವಂತೆ ಮಾನಿಟರಿಂಗ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.