ಡೈವಿಂಗ್ ಮುಗಿಸಿ ಅದೇ ರಾತ್ರಿ ಘಾಟಿ ಹತ್ತಬೇಡಿ

ಸ್ಕೂಬಾ ಡೈವಿಂಗ್ ಕ್ಲಬ್ಬಿಗೆ ಸೇರಬೇಕು ಅಂತ ಮೆಡಿಕಲ್ ಫಾರ್ಮ್ ಹಿಡಿದುಕೊಂಡು ಬರುವ ಕಾಲೇಜು ಮಕ್ಕಳಿಗೆ ನಾನು ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ. ಅವರು ಡೈವಿಂಗಿಗೆ ಹೋಗುವುದು ಮುರುಡೇಶ್ವರದ ಹತ್ತಿರ ಕಡಲಿನಲ್ಲಿರುವ ನೇತ್ರಾಣಿ ದ್ವೀಪಕ್ಕೆ. "ನೇತ್ರಾಣಿಯಿಂದ ವಾಪಸ್ ಯಾವಾಗ ಬರ್ತೀರಿ?" ಉತ್ತರ ಯಾವಾಗಲೂ ಒಂದೇ. "ಅವತ್ತೇ ಮೇಡಂ. ಭಾನುವಾರ ಮಧ್ಯಾಹ್ನ ದಡಕ್ಕೆ ಬಂದುಬಿಡ್ತೀವಿ, ಊಟ ಮುಗಿಸಿ ಹೊರಟರೆ ರಾತ್ರಿ ಹತ್ತರೊಳಗೆ ಮಡಿಕೇರಿ. ಸೋಮವಾರ ಕ್ಲಾಸ್ ಇದೆ ಅಲ್ವಾ?" ಇಷ್ಟು ಹೊತ್ತಿಗೆ ನಾನು ಪೆನ್ನು ಕೆಳಗಿಟ್ಟಿರುತ್ತೇನೆ.

ಉಳಿದ ನಿಯಮಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ಜೊತೆಗಾರನನ್ನು ಬಿಟ್ಟು ಹೋಗಬಾರದು, ಉಸಿರು ಕಟ್ಟಿಕೊಂಡು ಮೇಲೆ ಬರಬಾರದು, ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸ್ ಮಾತ್ರ ಮಾಡಿದವರು 18 ಮೀಟರ್ ದಾಟಬಾರದು. ಇದನ್ನೆಲ್ಲ ಇನ್‌ಸ್ಟ್ರಕ್ಟರ್‌ಗಳು ಚೆನ್ನಾಗಿ ಕಲಿಸುತ್ತಾರೆ, ಮಕ್ಕಳೂ ಕಲಿಯುತ್ತಾರೆ. ಬ್ಯಾಗಿನಲ್ಲಿ ಇನ್‌ಹೇಲರ್ ಇಟ್ಟುಕೊಂಡು ಫಾರ್ಮಿನಲ್ಲಿ 'ಉಬ್ಬಸ ಇಲ್ಲ' ಅಂತ ಬರೆಯುವವರ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಘಾಟಿಯ ವಿಷಯ ಮಾತ್ರ.

ಡೈವಿಂಗ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತಬಾರದು ಅನ್ನೋದು ಎಲ್ಲರಿಗೂ ಗೊತ್ತು. ಬೋಟಿನಲ್ಲಿ ಕೇಳುತ್ತಾರೆ, "ಯಾರಿಗಾದ್ರೂ ಇವತ್ತು ಫ್ಲೈಟ್ ಇದೆಯಾ?" ನಮ್ಮ ಮಕ್ಕಳು "ಇಲ್ಲ" ಅನ್ನುತ್ತಾರೆ. ಸುಳ್ಳೇನಲ್ಲ. ಆಳ, ಸಮಯ ಲೆಕ್ಕ ಇಡಲು ವಾಚಿನ ಹಾಗೆ ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ ನೋಡಿ, ಅದರ ಮೂಲೆಯಲ್ಲಿ ಒಂದು ಪುಟ್ಟ ವಿಮಾನದ ಚಿತ್ರ ಇರುತ್ತದೆ, ಪಕ್ಕದಲ್ಲಿ ಇನ್ನೆಷ್ಟು ಗಂಟೆ ಕಾಯಬೇಕು ಅಂತ ಅಂಕಿ. ಚಿತ್ರ ವಿಮಾನದ್ದು, ನಾವು ಹೋಗೋದು ಟೆಂಪೋ ಟ್ರಾವೆಲರ್‌ನಲ್ಲಿ, ಹಾಗಾಗಿ ಇದು ನಮಗಲ್ಲ ಅಂತ ಮಕ್ಕಳು ತೀರ್ಮಾನ ಮಾಡಿಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಕೇಳಿದ ಪ್ರಶ್ನೆಯೇ ಕೊಡಗಿನವರಿಗೆ ಸರಿಹೊಂದುವುದಿಲ್ಲ. ನಮ್ಮವರಿಗೆ ಕೇಳಬೇಕಾದ್ದು "ಇವತ್ತು ಘಾಟಿ ಹತ್ತುತ್ತೀರಾ?" ಅಂತ.

ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಮ್ಮೆ ಅರ್ಥವಾದರೆ ಆಮೇಲೆ ಯಾರೂ ನೆನಪಿಸಬೇಕಾಗಿಲ್ಲ.

ಸಮುದ್ರದಲ್ಲಿ 10 ಮೀಟರ್ ಇಳಿದರೆ ನಮ್ಮ ಮೇಲಿನ ಒತ್ತಡ ದಡದಲ್ಲಿದ್ದುದರ ಎರಡು ಪಟ್ಟು. 18 ಮೀಟರ್‌ಗೆ ಹೋದರೆ ಸುಮಾರು ಎರಡೂ ಮುಕ್ಕಾಲು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ನೈಟ್ರೋಜನ್ ಮಾಮೂಲಿಗಿಂತ ಜಾಸ್ತಿ ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ, ಕೀಲುಗಳ ಸುತ್ತ ಕರಗಿ ಕೂರುತ್ತದೆ. ಮೇಲೆ ಬಂದ ಕೂಡಲೇ ಅದೆಲ್ಲ ಹೋಗಿಬಿಡುವುದಿಲ್ಲ. ರಕ್ತದ್ದು ಬೇಗ ಹೋಗುತ್ತದೆ, ಕೆಲವು ಜಾಗಗಳದ್ದು ತುಂಬ ನಿಧಾನ. ಈಗಿನ ಬಹಳಷ್ಟು ಡೈವ್ ಕಂಪ್ಯೂಟರ್‌ಗಳು ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿದ್ದ ಆಲ್ಬರ್ಟ್ ಬ್ಯೂಲ್ಮನ್ ಅನ್ನುವ ವೈದ್ಯರ ಲೆಕ್ಕವನ್ನೇ ಬಳಸುತ್ತವೆ. ಅವರ ಲೆಕ್ಕದ ಪ್ರಕಾರ ದೇಹದ ಅತಿ ನಿಧಾನದ ಭಾಗದಿಂದ ಅರ್ಧ ನೈಟ್ರೋಜನ್ ಹೊರಹೋಗೋಕೇ 635 ನಿಮಿಷ ಬೇಕು. ಅಂದರೆ ಹತ್ತೂವರೆ ಗಂಟೆ. ಅದೂ ಅರ್ಧ ಮಾತ್ರ. ಬ್ಯೂಲ್ಮನ್ ಅವರು ಬೆಟ್ಟದ ಮೇಲಿನ ಸರೋವರಗಳಲ್ಲಿ ಡೈವ್ ಮಾಡುವವರಿಗಾಗಿಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ಎತ್ತರದ ಊರಿನವರ ಕಷ್ಟ ಎತ್ತರದ ಊರಿನವರಿಗೆ ಹೊಳೆದದ್ದು ನನಗೇನೂ ಆಶ್ಚರ್ಯ ಅನಿಸುವುದಿಲ್ಲ.

ಈಗ ಘಾಟಿಗೆ ಬನ್ನಿ. ಘಾಟಿಯ ಕೆಳಗಿನ ಪುತ್ತೂರಿನಲ್ಲೋ ಸುಳ್ಯದಲ್ಲೋ ಚಿಪ್ಸ್ ಪ್ಯಾಕೆಟ್ ತಗೊಂಡು ಕಾರಿನಲ್ಲಿ ಇಟ್ಟಿದ್ದೀರಾ? ಘಾಟಿ ಹತ್ತಿ ಮದೆನಾಡು ದಾಟುವಾಗ ಅದು ಉಬ್ಬಿ ಬಿರಿಯೋ ಹಾಗೆ ಆಗಿರುತ್ತದೆ. ಪ್ಯಾಕೆಟ್ಟಿಗೆ ಯಾರೂ ಗಾಳಿ ತುಂಬಿಲ್ಲ, ಹೊರಗಿನ ಒತ್ತಡ ಕಮ್ಮಿ ಆಗಿದೆ, ಅಷ್ಟೇ. ಸಂಪಾಜೆ ಗೇಟ್ ದಾಟಿ ತಿರುವು ಹತ್ತುವಾಗ ಕಿವಿ ಕಟ್ಟಿದ ಹಾಗಾಗೋದೂ ಇದಕ್ಕೇ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ ಮುರುಡೇಶ್ವರದ ಕಡಲ ದಡಕ್ಕಿಂತ ಸುಮಾರು ಶೇಕಡಾ 13 ಕಮ್ಮಿ. ಮೈಯಲ್ಲಿ ಇನ್ನೂ ನೈಟ್ರೋಜನ್ ತುಂಬಿಕೊಂಡಿರುವಾಗಲೇ ಒಂದು ಗಂಟೆಯೊಳಗೆ ಹೊರಗಿನ ಒತ್ತಡವನ್ನು ಅಷ್ಟು ಇಳಿಸಿದರೆ, ನಿಧಾನವಾಗಿ ಉಸಿರಿನಲ್ಲಿ ಹೋಗಬೇಕಾದದ್ದು ಒಳಗೇ ಗುಳ್ಳೆಯಾಗಬಹುದು. ಗುಳ್ಳೆ ಕೀಲಿನ ಹತ್ತಿರ ಆದರೆ ನೋವು. ಬೆನ್ನುಹುರಿಯಲ್ಲಿ ಆದರೆ ಕೈಕಾಲು ಜೋಮು, ಸೋಲು, ಮೂತ್ರ ಕಟ್ಟುವುದು. ಡೈವರ್‌ಗಳು 'ಬೆಂಡ್ಸ್' ಅನ್ನುವುದು ಇದನ್ನೇ.

ದೇಹಕ್ಕೆ ವಿಮಾನವೂ ಗೊತ್ತಿಲ್ಲ, ಟೆಂಪೋವೂ ಗೊತ್ತಿಲ್ಲ. ಅದಕ್ಕೆ ಗೊತ್ತಾಗೋದು ಒತ್ತಡ ಮಾತ್ರ.

ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಸಂಸ್ಥೆ 2002ರಲ್ಲಿ ತಜ್ಞರನ್ನು ಸೇರಿಸಿ, ಡೈವ್ ಆದ ಮೇಲೆ ವಿಮಾನ ಹತ್ತಲು ಎಷ್ಟು ಕಾಯಬೇಕು ಅಂತ ಒಂದು ಮಾರ್ಗಸೂಚಿ ಮಾಡಿತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು. ಒಂದೇ ದಿನ ಹಲವು ಡೈವ್ ಅಥವಾ ಸತತ ದಿನಗಳಲ್ಲಿ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ಮೇಲೆ ಬರುವಾಗ ಕಡ್ಡಾಯವಾಗಿ ಅಲ್ಲಲ್ಲಿ ನಿಲ್ಲಲೇಬೇಕಾದಷ್ಟು ಆಳದ, ಉದ್ದದ ಡೈವ್ ಆಗಿದ್ದರೆ ಅದಕ್ಕಿಂತ ಸಾಕಷ್ಟು ಜಾಸ್ತಿ. ಇದು ಬರೆದಿರೋದು ವಿಮಾನದೊಳಗಿನ ಒತ್ತಡಕ್ಕೆ ಹೌದು, ಆದರೆ ಅದು ಲೆಕ್ಕಕ್ಕೆ ಹಿಡಿಯುವ ಎತ್ತರ ಶುರುವಾಗೋದು 2,000 ಅಡಿಯಿಂದ, ಅಂದರೆ ಸುಮಾರು 600 ಮೀಟರ್‌ನಿಂದ. ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ, ಯಾವ ಪೇಟೆಯ ಹೆಸರು ಹೇಳಿದರೂ ಅದಕ್ಕಿಂತ ಮೇಲೆಯೇ ಇದೆ. ಶಿರಾಡಿ ಹತ್ತಿ ಸಕಲೇಶಪುರದ ಕಡೆಯಿಂದ ಬಂದರೂ, ಕೇರಳದ ಕಡೆಯಿಂದ ಮಾಕುಟ್ಟ ಹತ್ತಿದರೂ ಅಷ್ಟೇ. ಬೆಂಗಳೂರಿಗೆ ಹೋಗಿ ಹಾಸ್ಟೆಲ್ ಸೇರುವವರಿಗೂ ಇದೇ ಮಾತು, ಅದೂ 900 ಮೀಟರ್ ಮೇಲಿದೆ.

ಮಕ್ಕಳು ಜಾಣರು, ಸುಮ್ನೆ ಒಪ್ಪುವುದಿಲ್ಲ. "ವಿಮಾನದೊಳಗೆ 2,400 ಮೀಟರ್ ಎತ್ತರದ ಒತ್ತಡ ಇರುತ್ತೆ, ಮಡಿಕೇರಿ ಅದರ ಅರ್ಧ, ಹಾಗಾದ್ರೆ ಅರ್ಧ ಹೊತ್ತು ಕಾದರೆ ಸಾಕಲ್ವಾ ಮೇಡಂ?" ಒಳ್ಳೆಯ ಪ್ರಶ್ನೆ. ಎತ್ತರ ಕಮ್ಮಿ ಆದಷ್ಟೂ ಅಪಾಯ ಕಮ್ಮಿ, ನಿಜ. ಅಮೆರಿಕದ ನೌಕಾಪಡೆಯ ಕೋಷ್ಟಕಗಳಲ್ಲಿ ಇಂತಿಂಥ ಡೈವ್ ಆದ ಮೇಲೆ ಇಂತಿಷ್ಟು ಎತ್ತರಕ್ಕೆ ಹೋಗಲು ಇಷ್ಟು ಹೊತ್ತು ಕಾಯಿರಿ ಅಂತ ಬೇರೆಬೇರೆ ಲೆಕ್ಕವೇ ಇದೆ. ಆದರೆ ಅದನ್ನು ಬಳಸಬೇಕಾದ್ದು ತರಬೇತಿ ಆದವರು, ಪ್ರತಿ ಡೈವಿನ ಆಳ, ಸಮಯ ಕರಾರುವಾಕ್ಕಾಗಿ ಬರೆದಿಟ್ಟವರು. ಇಪ್ಪತ್ತು ಜನ ಬಸ್ಸಿನಲ್ಲಿ ಹಾಡು ಹೇಳಿಕೊಂಡು ಬರುವ ಕ್ಲಬ್ಬಿಗೆ ಆ ಲೆಕ್ಕ ಬೇಡ. ಎಲ್ಲರಿಗೂ ಒಂದೇ ನಿಯಮ ಇದ್ದರೆ ತಪ್ಪೋದು ಕಮ್ಮಿ.

"ಹೋದ ವರ್ಷ ಸೀನಿಯರ್‌ಗಳು ಅವತ್ತೇ ಬಂದಿದ್ರು, ಏನೂ ಆಗಿಲ್ಲ." ಆಗದೇ ಇರಬಹುದು. ಬಹಳ ಜನಕ್ಕೆ ಆಗುವುದಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ನನ್ನ ಹತ್ತಿರ ಯಾವ ಪರೀಕ್ಷೆಯೂ ಇಲ್ಲ. "ನಾವು ಹಾಕಿ ಆಡೋರು, ಫಿಟ್ ಇದ್ದೀವಿ" ಅನ್ನೋದು ಇನ್ನೊಂದು. ಫಿಟ್ ಇರೋದು ಒಳ್ಳೆಯದೇ, ಆದರೆ ನೈಟ್ರೋಜನ್ ಕರಗೋದು ಫಿಟ್ ಆದವರಲ್ಲೂ ಕರಗುತ್ತದೆ. "ಸಂಪಾಜೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ ಟೀ ಕುಡಿದು ನಿಧಾನ ಹತ್ತುತ್ತೀವಿ" ಅಂತಲೂ ಕೇಳಿದ್ದೇನೆ. ಗಂಟೆಗಟ್ಟಲೆ ಬೇಕಾದ ಕೆಲಸ ಅರ್ಧ ಗಂಟೆಯಲ್ಲಿ ಆಗುವುದಿಲ್ಲ.

ಒಬ್ಬ ಹುಡುಗನ ಕತೆ ಹೇಳಬೇಕು. ಎರಡನೇ ವರ್ಷದ ಡಿಗ್ರಿ, ಒಳ್ಳೆಯ ಈಜುಗಾರ, ಕಾಲೇಜು ಟೀಮಿನಲ್ಲಿ ಹಾಫ್‌ಬ್ಯಾಕ್. ಬೆಳಿಗ್ಗೆ ಎರಡು ಡೈವ್ ಮುಗಿಸಿದ್ದಾನೆ. ಅವತ್ತೇ ಹುತ್ತರಿ, ನಮ್ಮ ಸುಗ್ಗಿ ಹಬ್ಬ. ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಎಲ್ಲರೂ ಸೇರಿರುತ್ತಾರೆ, ಇವನು ಇಲ್ಲದಿದ್ದರೆ ಆಗುತ್ತದೆಯೇ? ಕದಿರು ತೆಗೆಯುವ ಹೊತ್ತಿಗೆ ಹೇಗೋ ಓಡಿ ಬಂದು ಮುಟ್ಟಿದ್ದಾನೆ. ಜೋಡುಪಾಲ ದಾಟುವಾಗಲೇ ಎಡ ಭುಜ ನೋಯಲು ಶುರುವಾಗಿತ್ತಂತೆ. ಸಿಲಿಂಡರ್ ಹೊತ್ತಿದ್ದಕ್ಕೆ ಉಳುಕಿರಬೇಕು ಅಂದುಕೊಂಡ. ಮನೆಯಲ್ಲಿ ಅಜ್ಜಿ ಎಣ್ಣೆ ಬಿಸಿ ಮಾಡಿ ತಿಕ್ಕಿದರು, ಹಂಡೆ ನೀರು ಸುರಿದು ಸ್ನಾನ ಮಾಡಿಸಿದರು. ಪ್ರೀತಿಯಿಂದ ಮಾಡಿದ್ದೇ, ಆದರೆ ಡೈವ್ ಆದ ಮೇಲೆ ಇವೆರಡೂ ಬೇಡ. ತಿಕ್ಕಿದರೆ ನೋವಿನ ಕಾರಣ ಯಾವುದು ಅಂತ ತಿಳಿಯುವುದು ಕಷ್ಟವಾಗುತ್ತದೆ, ತುಂಬ ಬಿಸಿನೀರಿನ ಸ್ನಾನವೂ ಒಳ್ಳೆಯದಲ್ಲ ಅನ್ನುತ್ತಾರೆ. ಬೆಳಿಗ್ಗೆ ನನ್ನ ಹತ್ತಿರ ಬಂದಾಗ ಬೆರಳುಗಳು ಜೋಮು ಹಿಡಿದಿದ್ದವು, ಹೊಟ್ಟೆಯ ಮೇಲೆ ಕೆಂಪು ನೀಲಿ ಬಲೆಯ ಹಾಗೆ ಕಲೆ ಎದ್ದಿತ್ತು. ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟೆವು, ಡೈವಿಂಗ್ ವೈದ್ಯರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿದೆವು, ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಕೊಡುವ ಚೇಂಬರ್ ಇರುವ ಆಸ್ಪತ್ರೆಗೆ ಕಳಿಸಿದೆವು. ಅಂಥ ಚೇಂಬರ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಹುಡುಗ ಗುಣವಾದ. ಅವನ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: "ಒಂದು ದಿನ ತಡವಾಗಿ ಬಾ ಅಂತ ಯಾರಾದ್ರೂ ನಮಗೆ ಹೇಳಿದ್ರೆ ನಾವು ಬೇಡ ಅಂತಿದ್ವಾ ಡಾಕ್ಟ್ರೇ?"

ಆದ್ದರಿಂದ ಕ್ಲಬ್ಬಿನ ಪದಾಧಿಕಾರಿಗಳಿಗೆ ನನ್ನ ಬೇಡಿಕೆ. ಸದಸ್ಯತ್ವದ ಫಾರ್ಮಿನಲ್ಲಿ ಈಜು, ವಯಸ್ಸು, ಫೀಸು ಇವುಗಳ ಮೇಲೆ, ಮೊದಲನೇ ಸಾಲಿನಲ್ಲೇ ಬರೆಯಿರಿ: ಕೊನೆಯ ಡೈವಿನಿಂದ ಮೇಲೆ ಬಂದ 24 ಗಂಟೆ ಆಗುವ ತನಕ ಸುಳ್ಯ ದಾಟುವುದಿಲ್ಲ. ಮಾರ್ಗಸೂಚಿ 18 ಅನ್ನುತ್ತದೆ, ನಾನು 24 ಅನ್ನುತ್ತೇನೆ, ಯಾಕಂದರೆ ನೆನಪಿಡಲು ಸುಲಭ, ಸ್ವಲ್ಪ ಹೆಚ್ಚುವರಿ ಸಮಯವೂ ಸಿಗುತ್ತದೆ. ಗಂಟೆ ಎಣಿಸಬೇಕಾದ್ದು ನೀರಿನಿಂದ ತಲೆ ಮೇಲೆ ಬಂದ ಹೊತ್ತಿನಿಂದ. ಕೊನೆಯವನು ಮೇಲೆ ಬಂದ ಸಮಯವನ್ನು ಟೀಮ್ ಲೀಡರ್ ಲಾಗ್ ಪುಸ್ತಕದಲ್ಲಿ ಬರೆದು ಬಸ್ಸಿನ ಡ್ರೈವರ್‌ಗೂ ಹೇಳಲಿ. ಡ್ರೈವರ್ ಅಣ್ಣನಿಗೆ ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಮಾಡೋದು ಕಷ್ಟವೇನಲ್ಲ. ಡೈವಿಂಗ್ ಶನಿವಾರಕ್ಕೆ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಮುರುಡೇಶ್ವರದ ದೇವಸ್ಥಾನ ನೋಡಿ, ಕಡಲ ದಂಡೆಯಲ್ಲಿ ಓಡಾಡಿ, ಮಂಗಳೂರಿನಲ್ಲಿ ಮೀನೂಟ ಮಾಡಿ, ಸಂಜೆ ಹೊತ್ತಿಗೆ ಸಂಪಾಜೆಗೆ ಬನ್ನಿ. ಒಂದು ರಾತ್ರಿಯ ರೂಮ್ ಬಾಡಿಗೆ ಜಾಸ್ತಿ ಆಗುತ್ತದೆ ಅಂತ ಖಜಾಂಚಿ ಮುಖ ಸಪ್ಪೆ ಮಾಡುತ್ತಾರೆ, ನನಗೆ ಗೊತ್ತು. ಆ ದುಡ್ಡು ಇಲ್ಲದಿದ್ದರೆ ಆ ಸಲ ಟ್ರಿಪ್ ಬೇಡ. ವಾಪಸ್ ಬಂದ ಮರುದಿನವೇ ತಡಿಯಂಡಮೋಳ್ ಹತ್ತುವ ಪ್ಲಾನೂ ಬೇಡ. ಅದು 1,748 ಮೀಟರ್, ಜೊತೆಗೆ ಏದುಸಿರು ಬಿಟ್ಟು ಹತ್ತುವ ಕೆಲಸ.

ಇದರ ಜೊತೆಗೇ ಇನ್ನೊಂದು. ಹಾರಂಗಿಯಲ್ಲಿ ಪ್ರಾಕ್ಟೀಸ್ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಅನುಮತಿಯ ಮಾತು ಹಾಗಿರಲಿ, ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟವೇ ಸಮುದ್ರದಿಂದ ಸುಮಾರು 870 ಮೀಟರ್ ಮೇಲಿರುತ್ತದೆ. 300 ಮೀಟರ್‌ಗಿಂತ ಎತ್ತರದ ನೀರಿನಲ್ಲಿ ಡೈವ್ ಮಾಡಲು ಬೇರೆ ಲೆಕ್ಕ, ಬೇರೆ ತರಬೇತಿ ಬೇಕು. ಸಮುದ್ರದಲ್ಲಿ ಕಲಿತದ್ದನ್ನು ಹಾಗೇ ಇಲ್ಲಿಗೆ ತರಬೇಡಿ.

ಇಷ್ಟಾದ ಮೇಲೂ ಯಾರಿಗಾದರೂ ಡೈವ್ ಆದ ಒಂದೆರಡು ದಿನದೊಳಗೆ ಕೀಲು ನೋವು, ಜೋಮು, ವಿಪರೀತ ಸುಸ್ತು, ತಲೆ ಸುತ್ತು, ಚರ್ಮದ ಮೇಲೆ ವಿಚಿತ್ರ ಕಲೆ ಕಂಡರೆ ಕಾಯಬೇಡಿ. ಘಾಟಿಯ ಮಧ್ಯೆ ಶುರುವಾದರೆ ಗಾಡಿ ತಿರುಗಿಸಿ ಕೆಳಗೆ ಇಳಿಯಿರಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಇಳಿದ ಮೇಲೆ ನೋವು ಕಮ್ಮಿ ಆದರೂ ಹೋಗಿ. ಮಲಗಿಸಿಕೊಂಡು ಹೋಗಿ, ಡೈವ್ ಕಂಪ್ಯೂಟರ್ ಜೊತೆಗಿರಲಿ. ಡ್ಯೂಟಿ ಡಾಕ್ಟರ್‌ಗೆ ಭುಜ ನೋವು ಅಂತಷ್ಟೇ ಹೇಳಿದರೆ ಅವರು ನೋವಿನ ಮಾತ್ರೆ ಬರೆದು ಕಳಿಸಬಹುದು, ತಪ್ಪು ಅವರದಲ್ಲ. ಬಾಗಿಲಲ್ಲೇ ಹೇಳಿ: "ನಿನ್ನೆ ಸಮುದ್ರದಲ್ಲಿ ಸ್ಕೂಬಾ ಡೈವ್ ಮಾಡಿದ್ದೆ, ಇಷ್ಟು ಆಳ, ಇಷ್ಟು ಹೊತ್ತು, ಆಮೇಲೆ ಘಾಟಿ ಹತ್ತಿದೆ, ಆಮ್ಲಜನಕ ಬೇಕು."