ಜ್ಯಾಂಗೊ ಅಡ್ಮಿನ್: ಒಂದು ಫೀಲ್ಡ್ ಬದಲಿಸಲು ಇಷ್ಟೊಂದು ದಾರಿಗಳೇಕೆ?

ಜ್ಯಾಂಗೊ ಎಂಬುದು ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು, ಅಡ್ಮಿನ್ ಎಂಬುದು ಮಾಹಿತಿ ತುಂಬಲು ಮತ್ತು ತಿದ್ದಲು ಅದು ಕೊಡುವ ಸಿದ್ಧ ಪುಟಗಳು, ಫೀಲ್ಡ್ ಎಂದರೆ ಅಲ್ಲಿ ತುಂಬುವ ಒಂದೊಂದು ಮಾಹಿತಿಯ ಜಾಗ. ಅಡ್ಮಿನ್ ಪುಟದಲ್ಲಿ ವಿವರಣೆ ಬರೆಯುವ ಪೆಟ್ಟಿಗೆ ಹತ್ತು ಸಾಲುಗಳಷ್ಟು ಎತ್ತರವಾಗಿದೆ, ಮೂರು ಸಾಲು ಸಾಕಾಗಿತ್ತು. ಇಷ್ಟು ಚಿಕ್ಕ ಬದಲಾವಣೆಗೆ ಪರಿಹಾರ ಹುಡುಕಲು ಹೊರಟವರಿಗೆ ಮಾಡೆಲ್‌ಫಾರ್ಮ್ (ಡೇಟಾಬೇಸ್‌ನ ರಚನೆಯನ್ನು ಹೇಳುವ ಮಾಡೆಲ್ ಎಂಬ ಕೋಡ್‌ನಿಂದ ರೂಪಿಸುವ ಫಾರ್ಮ್) ಬರೆಯಿರಿ ಎಂದು ಒಬ್ಬರು, 'ಫಾರ್ಮ್‌ಫೀಲ್ಡ್_ಓವರ್‌ರೈಡ್ಸ್' ಬಳಸಿ ಎಂದು ಇನ್ನೊಬ್ಬರು, 'ಫಾರ್ಮ್‌ಫೀಲ್ಡ್_ಫಾರ್_ಡಿಬಿಫೀಲ್ಡ್' ಮೆಥಡ್ ತಿದ್ದಿ ಎಂದು ಮತ್ತೊಬ್ಬರು ಹೇಳುತ್ತಾರೆ. ಪುಟದ ರೂಪವನ್ನು ಹೇಳುವ ಟೆಂಪ್ಲೇಟ್ ಕಡತವನ್ನೇ ನಕಲು ಮಾಡಿಕೊಂಡು ಬದಲಿಸಿ ಎನ್ನುವವರೂ ಇದ್ದಾರೆ. ಇವೆಲ್ಲವೂ ಕೆಲಸ ಮಾಡುತ್ತವೆ, ಗೊಂದಲ ಹುಟ್ಟುವುದೂ ಅದರಿಂದಲೇ. ಈ ದಾರಿಗಳು ಒಂದೇ ಯೋಜನೆಯಿಂದ ಹುಟ್ಟಿದವಲ್ಲ, ಬೇರೆ ಬೇರೆ ಕಾಲದ ಅಗತ್ಯಗಳಿಗೆ ಒಂದೊಂದಾಗಿ ಸೇರಿಕೊಂಡವು.

ಜ್ಯಾಂಗೊ 2003ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಒಂದು ಪತ್ರಿಕೆಯ ವೆಬ್ ವಿಭಾಗದಲ್ಲಿ ರೂಪುಗೊಂಡು, 2005ರ ಜುಲೈನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಸುದ್ದಿಮನೆಯವರು ತಾವೇ ಮಾಹಿತಿ ತುಂಬುವಂತಾಗಬೇಕು, ಅದಕ್ಕಾಗಿ ಪ್ರತಿ ಸಲವೂ ಪ್ರೋಗ್ರಾಮರ್ ಹೊಸ ಪುಟ ಬರೆಯುವಂತಾಗಬಾರದು ಎಂಬುದೇ ಅಡ್ಮಿನ್‌ನ ಮೂಲ ಉದ್ದೇಶವಾಗಿತ್ತು. ಮಾಡೆಲ್ ಬರೆದರೆ ಫಾರ್ಮ್ ತಾನಾಗಿಯೇ ಸಿದ್ಧವಾಗುತ್ತಿತ್ತು.

ಆ ಕಾಲದಲ್ಲಿ ಫಾರ್ಮ್ ಹೇಗೆ ಕಾಣಬೇಕೆಂಬ ಸೂಚನೆಗಳೂ ಮಾಡೆಲ್‌ನ ಒಳಗೇ ಇರುತ್ತಿದ್ದವು. ಸಂಬಂಧಿತ ದಾಖಲೆಯನ್ನು ಪಟ್ಟಿಯಿಂದ ಆರಿಸುವ ಬದಲು ಅದರ ಸಂಖ್ಯೆಯನ್ನು ನೇರವಾಗಿ ಬರೆಯಬೇಕಿದ್ದರೆ 'ರಾ_ಐಡಿ_ಅಡ್ಮಿನ್', ಎರಡು ಪೆಟ್ಟಿಗೆಗಳ ನಡುವೆ ಹೆಸರುಗಳನ್ನು ಸಾಗಿಸುವ ವ್ಯವಸ್ಥೆ ಬೇಕಿದ್ದರೆ 'ಫಿಲ್ಟರ್_ಇಂಟರ್‌ಫೇಸ್', ಒಂದೇ ಪುಟದಲ್ಲಿ ಅದಕ್ಕೆ ಸೇರಿದ ಇತರ ದಾಖಲೆಗಳನ್ನೂ ತಿದ್ದಬೇಕಿದ್ದರೆ 'ಎಡಿಟ್_ಇನ್‌ಲೈನ್' ಎಂದು ಫೀಲ್ಡ್‌ನ ಪಕ್ಕದಲ್ಲೇ ಬರೆಯುತ್ತಿದ್ದರು. ಓದಲು ಅನುಕೂಲವಾಗಿದ್ದ ಈ ಪದ್ಧತಿಯಲ್ಲಿ ಡೇಟಾಬೇಸ್‌ನ ರಚನೆಯೂ ಪರದೆಯ ಅಲಂಕಾರವೂ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತಿದ್ದವು. ಬೇರೆಯವರು ಬರೆದ ಆ್ಯಪ್ ಒಂದನ್ನು ಬಳಸುತ್ತಿದ್ದರೆ, ಅದರ ಅಡ್ಮಿನ್‌ನಲ್ಲಿ ಒಂದು ಪೆಟ್ಟಿಗೆಯನ್ನು ಬದಲಿಸಲು ಅವರ ಮಾಡೆಲ್ ಕೋಡ್‌ಗೇ ಕೈಹಾಕಬೇಕಾಗುತ್ತಿತ್ತು.

2007ರ ಮಾರ್ಚ್‌ನಲ್ಲಿ ಬಂದ 0.96 ಆವೃತ್ತಿಯು 'ನ್ಯೂಫಾರ್ಮ್ಸ್' ಎಂಬ ಹೊಸ ಲೈಬ್ರರಿಯನ್ನು ತಂದಿತು. ಬಂದ ಮಾಹಿತಿ ಸರಿಯೇ ಎಂದು ಪರೀಕ್ಷಿಸುವುದು ಫೀಲ್ಡ್‌ನ ಕೆಲಸ, ಪರದೆಯ ಮೇಲೆ ಅದನ್ನು ಬಿಡಿಸುವುದು ವಿಜೆಟ್‌ನ ಕೆಲಸ ಎಂಬ ವಿಂಗಡಣೆ ಇದರಲ್ಲಿ ಸ್ಪಷ್ಟವಾಗಿತ್ತು. ಆದರೆ ಅಡ್ಮಿನ್ ಮಾತ್ರ ಹಳೆಯ ಲೈಬ್ರರಿಯ ಮೇಲೆಯೇ ನಿಂತಿತ್ತು. ಅದನ್ನು ಹೊಸದಕ್ಕೆ ಒಗ್ಗಿಸುವ ಕೆಲಸ ಕೋಡ್‌ನ ಪ್ರತ್ಯೇಕ ಪ್ರತಿಯಾದ ಬೇರೆಯೇ ಒಂದು ಬ್ರಾಂಚ್‌ನಲ್ಲಿ ನಡೆದು, 2008ರ ಜುಲೈನಲ್ಲಿ ಮುಖ್ಯ ಕೋಡ್‌ನೊಂದಿಗೆ ಸೇರಿತು, ಸೆಪ್ಟೆಂಬರ್‌ನಲ್ಲಿ 1.0 ಬಿಡುಗಡೆಯಾಯಿತು. ಅಡ್ಮಿನ್‌ನ ಸೂಚನೆಗಳೆಲ್ಲ ಮಾಡೆಲ್‌ನಿಂದ ಹೊರಬಂದು 'ಮಾಡೆಲ್‌ಅಡ್ಮಿನ್' ಎಂಬ ಪ್ರತ್ಯೇಕ ಕ್ಲಾಸ್‌ಗೆ ಹೋದವು. ಜ್ಯಾಂಗೊ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರಗಳು ಕಡಿಮೆ ಎಂದು ಹೇಳಬಹುದು.

ಆದರೂ ಒಂದು ಜೋಡಣೆ ಹಾಗೆಯೇ ಉಳಿಯಿತು. ಪ್ರತಿ ಮಾಡೆಲ್ ಫೀಲ್ಡ್ ತನಗೆ ತಕ್ಕ ಫಾರ್ಮ್ ಫೀಲ್ಡನ್ನು ತಾನೇ ಕೊಡುತ್ತದೆ. ಅಡ್ಮಿನ್ ಅದನ್ನು ನಡುದಾರಿಯಲ್ಲಿ ತಡೆದು, ದಿನಾಂಕಕ್ಕೆ ಕ್ಯಾಲೆಂಡರ್ ಸೇರಿಸಿ, ಫಾರಿನ್ ಕೀ (ಇನ್ನೊಂದು ಮಾಡೆಲ್‌ನ ದಾಖಲೆಗೆ ಕೊಂಡಿ) ಪಟ್ಟಿಯ ಪಕ್ಕದಲ್ಲಿ ಹೊಸ ದಾಖಲೆ ಸೇರಿಸಲು ಕೂಡಿಸುವ ಚಿಹ್ನೆಯೊಂದನ್ನು ಇಟ್ಟು ಮುಂದಕ್ಕೆ ಕಳಿಸುತ್ತದೆ. ನಾವೇ ಫಾರ್ಮ್ ಬರೆದು ಅದರಲ್ಲಿ ಫೀಲ್ಡನ್ನು ಹೆಸರಿಸಿ ಘೋಷಿಸಿದರೆ ಈ ನಡುದಾರಿ ತಪ್ಪಿಹೋಗುತ್ತದೆ. ಪಟ್ಟಿ ಬರುತ್ತದೆ, ಪಕ್ಕದ ಚಿಹ್ನೆ ಬರುವುದಿಲ್ಲ. ಕಾರಣ ತಿಳಿಯದೆ ಇಡೀ ದಿನ ಹುಡುಕಿದವರು ಎಷ್ಟೋ ಮಂದಿ ಇರಬೇಕು.

2009ರ ಜುಲೈನಲ್ಲಿ ಬಂದ 1.1 ಆವೃತ್ತಿಯು ಒಂದು ಜಾತಿಯ ಫೀಲ್ಡ್‌ಗಳೆಲ್ಲಕ್ಕೂ ಒಂದೇ ವಿಜೆಟ್ ಕೊಡಲು 'ಫಾರ್ಮ್‌ಫೀಲ್ಡ್_ಓವರ್‌ರೈಡ್ಸ್' ಅನ್ನು ಒದಗಿಸಿತು. 2010ರ ಮೇ ತಿಂಗಳಲ್ಲಿ 1.2 ಬಂದಾಗ ಮಾಡೆಲ್‌ಫಾರ್ಮ್‌ನ 'ಮೆಟಾ' ಎಂಬ ಸೂಚನೆಗಳ ಭಾಗದ ಒಳಗೆ ಒಂದೊಂದು ಫೀಲ್ಡ್‌ಗೂ ವಿಜೆಟ್ ಹೆಸರಿಸುವ ಅವಕಾಶ ಸಿಕ್ಕಿತು. ಹೀಗೆ ಹೆಸರಿಸಿದರೆ ಅಡ್ಮಿನ್‌ನ ನಡುದಾರಿ ತಪ್ಪುವುದಿಲ್ಲ, ಆದ್ದರಿಂದ ಒಂದೇ ಫೀಲ್ಡ್ ಬದಲಿಸಬೇಕಾದಾಗ ಇದೇ ಸೂಕ್ತ ಜಾಗ. ಮೂರು ಸಾಲಿನ ಪೆಟ್ಟಿಗೆ ಇಲ್ಲಿ ಒಂದೇ ಸಾಲು ಕೋಡ್‌ನ ಕೆಲಸ.

ಇದರಲ್ಲೂ ಎಚ್ಚರ ವಹಿಸಬೇಕಾದ ಜಾಗವೊಂದಿದೆ. ದಿನಾಂಕ ಮತ್ತು ಸಮಯ ಒಟ್ಟಿಗೆ ಇರುವ ಫೀಲ್ಡನ್ನು ಅಡ್ಮಿನ್ ಎರಡು ಪೆಟ್ಟಿಗೆಗಳಾಗಿ ಒಡೆಯುತ್ತದೆ, ಅದಕ್ಕಾಗಿ ವಿಜೆಟ್ ಜೊತೆಗೆ ಫಾರ್ಮ್ ಫೀಲ್ಡನ್ನೂ ಬದಲಿಸಿರುತ್ತದೆ. ನಾವು ವಿಜೆಟ್ ಒಂದನ್ನೇ ಬದಲಿಸಿ ಒಂಟಿ ಪೆಟ್ಟಿಗೆ ಇಟ್ಟರೆ ಪುಟ ಚೆನ್ನಾಗಿಯೇ ಕಾಣುತ್ತದೆ, ಉಳಿಸಲು ಹೋದಾಗ ಮಾತ್ರ ಮೌಲ್ಯಗಳ ಪಟ್ಟಿಯನ್ನು ಕೊಡಿ ಎಂಬ ವಿಚಿತ್ರ ದೋಷ ಎದುರಾಗುತ್ತದೆ. ಫೀಲ್ಡ್ ಎರಡು ತುಂಡುಗಳನ್ನು ನಿರೀಕ್ಷಿಸುತ್ತಿರುತ್ತದೆ, ವಿಜೆಟ್ ಒಂದನ್ನೇ ಕೊಟ್ಟಿರುತ್ತದೆ.

ಟೆಂಪ್ಲೇಟ್ ನಕಲು ಮಾಡುವ ದಾರಿ ಮೊದಲ ದಿನ ಸುಲಭ, ಮುಂದೆ ಭಾರ. 2015ರ ಡಿಸೆಂಬರ್‌ನಲ್ಲಿ 1.9 ಆವೃತ್ತಿಯೊಂದಿಗೆ ಅಡ್ಮಿನ್‌ನ ರೂಪ ಬದಲಾಯಿತು, ಎರಡು ವರ್ಷಗಳ ನಂತರ 2.0 ಅದನ್ನು ಮೊಬೈಲ್ ಪರದೆಗೆ ಹೊಂದಿಸಿತು. ನಕಲು ಮಾಡಿಟ್ಟ ಟೆಂಪ್ಲೇಟ್‌ಗಳು ಅಂಥ ಪ್ರತಿ ಅಪ್‌ಗ್ರೇಡ್‌ನಲ್ಲೂ ಹಿಂದೆ ಉಳಿಯುತ್ತವೆ.

ಅದೇ 2.0 ಆವೃತ್ತಿಯ 'ಆಟೊಕಂಪ್ಲೀಟ್_ಫೀಲ್ಡ್ಸ್', ಸಾವಿರಾರು ಹೆಸರುಗಳ ಪಟ್ಟಿಯನ್ನು ಪುಟಕ್ಕೆ ತುಂಬುವ ಬದಲು ಟೈಪ್ ಮಾಡಿದಂತೆ ಹುಡುಕಿ ಕೊಡುತ್ತದೆ. ಇದು ನಿಜಕ್ಕೂ ಬೇಕಾಗಿದ್ದ ಸೌಲಭ್ಯ. ಆದರೆ ಆಯ್ಕೆಗಳನ್ನು ಬಳಕೆದಾರರಿಗೆ ತಕ್ಕಂತೆ ಸೀಮಿತಗೊಳಿಸಲು 1.1ರ ಕಾಲದಿಂದ ಬಳಸುತ್ತಿರುವ 'ಫಾರ್ಮ್‌ಫೀಲ್ಡ್_ಫಾರ್_ಫಾರಿನ್‌ಕೀ' ಮೆಥಡ್‌ನ ಮಿತಿ ಈ ಹುಡುಕಾಟಕ್ಕೆ ಅನ್ವಯಿಸುವುದಿಲ್ಲ, ಏಕೆಂದರೆ ಹುಡುಕಾಟವು ಸಂಬಂಧಿತ ಮಾಡೆಲ್‌ನ ಅಡ್ಮಿನ್‌ನಿಂದ ತನ್ನ ದಾಖಲೆಗಳನ್ನು ಪಡೆಯುತ್ತದೆ. ಹೀಗಾಗಿ ತಮಗೆ ಅನುಮತಿ ಇಲ್ಲದ ಹೆಸರೂ ಬಳಕೆದಾರರಿಗೆ ಕಾಣುತ್ತದೆ. ಅವರು ಅದನ್ನು ಆರಿಸಿ ಉಳಿಸಲು ಹೋದಾಗ ಮಾತ್ರ ಆಯ್ಕೆ ಸರಿಯಿಲ್ಲ ಎಂದು ಫಾರ್ಮ್ ತಿರಸ್ಕರಿಸುತ್ತದೆ. ಮಿತಿಯನ್ನು ಆ ಇನ್ನೊಂದು ಅಡ್ಮಿನ್‌ನ ದಾಖಲೆಗಳನ್ನು ತಂದುಕೊಡುವ 'ಗೆಟ್_ಕ್ವೆರಿಸೆಟ್' ಮೆಥಡ್ ಒಳಗೂ ಬರೆದಾಗಲೇ ಆ ಹೆಸರು ಪಟ್ಟಿಯಿಂದ ಮರೆಯಾಗುತ್ತದೆ.