ಪ್ರವಾಸದ ಸಾಮಾನು: ಎತ್ತುವವರ ಲೆಕ್ಕ

ಪ್ರವಾಸಕ್ಕೆ ಹೆಸರು ಬರೆಸಲು ಹುಬ್ಬಳ್ಳಿಯ ನಮ್ಮ ಕಚೇರಿಗೆ ಬರುವವರು ಊಟ, ವಸತಿ, ದರ್ಶನದ ವ್ಯವಸ್ಥೆ ಇವನ್ನೆಲ್ಲ ಕೂತು ಸಾವಕಾಶವಾಗಿ ವಿಚಾರಿಸುತ್ತಾರೆ. ಸಾಮಾನಿನ ಮಾತಿಗೆ ಬಂದರೆ ಮಾತ್ರ ಅವರ ಪ್ರಶ್ನೆ ಒಂದೇ: "ಎಷ್ಟು ಕಿಲೋ ತನಕ ಒಯ್ಯಾಕ ಬಿಡ್ತಾರ್ರೀ?" ರೈಲ್ವೆಯ ನಿಯಮದಂತೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿ ಬೋಗಿಗಳಲ್ಲಿ ಒಬ್ಬ ಪ್ರಯಾಣಿಕ ಶುಲ್ಕವಿಲ್ಲದೆ 40 ಕಿಲೋ, ಟೂ ಟಯರ್ ಎಸಿಯಲ್ಲಿ 50 ಕಿಲೋ ಒಯ್ಯಬಹುದು. ಈ ಅಂಕಿ ಕೇಳಿದೊಡನೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಸಮಾಧಾನಪಡುತ್ತಾರೆ. ಆದರೆ 40 ಕಿಲೋ ಎಂದರೆ ಒಂದು ಸಿಮೆಂಟ್ ಚೀಲಕ್ಕೆ ಹತ್ತೇ ಕಿಲೋ ಕಡಿಮೆ. ಅದನ್ನು ಬೋಗಿಯ ಮೆಟ್ಟಿಲು ಹತ್ತಿಸುವವರು ಯಾರು ಎಂಬ ಪ್ರಶ್ನೆಗೆ ನಿಯಮದ ಪುಸ್ತಕದಲ್ಲಿ ಉತ್ತರವಿಲ್ಲ.

ನಮ್ಮ ಪ್ರವಾಸಿಗರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಹಿಡಿದಿರುತ್ತಾರೆ, ನಿವೃತ್ತಿಯಾಗಿರುತ್ತದೆ ಅಥವಾ ಹತ್ತಿರ ಬಂದಿರುತ್ತದೆ, ಕಾಶಿಯನ್ನೋ ಕೇದಾರವನ್ನೋ ಗಟ್ಟಿಮುಟ್ಟಾಗಿ ಇರುವಾಗಲೇ ನೋಡಿಬಿಡೋಣ ಎಂಬ ಆಸೆ ಇರುತ್ತದೆ. ಈ ವಯಸ್ಸಿನಲ್ಲಿ ಸಾಮಾನು ಕಟ್ಟುವಾಗ ಹಿಡಿಯಬೇಕಾದ ಲೆಕ್ಕ ಒಂದೇ ಎಂಬುದು ನನ್ನ ಅಭಿಪ್ರಾಯ: ತನ್ನ ಬ್ಯಾಗನ್ನು ತಾನೇ ಎತ್ತಿ, ಬೇರೆಯವರ ಕೈ ಕಾಯದೆ, ಒಂದು ಮಹಡಿ ಹತ್ತಿ ಇಳಿಯಲು ಆಗಬೇಕು. ಹೊರಡುವ ಹಿಂದಿನ ದಿನ ಬ್ಯಾಗು ಪೂರ್ತಿ ತುಂಬಿದ ಮೇಲೆ ಮನೆಯ ಮೆಟ್ಟಿಲಿನ ಮೇಲೆಯೇ ಇದನ್ನು ಮಾಡಿ ನೋಡಬೇಕೆಂದು ನಾವು ಎಲ್ಲರಿಗೂ ಹೇಳುತ್ತೇವೆ. ಏದುಸಿರು ಬಂದರೆ, ಮೊಣಕಾಲು ಹಿಡಿದರೆ, ಬ್ಯಾಗು ಮತ್ತೆ ಬಿಚ್ಚಬೇಕು. ಹೆಚ್ಚಿನವರಿಗೆ ಈ ಮಿತಿ 10ರಿಂದ 12 ಕಿಲೋದ ಒಳಗೇ ಬರುತ್ತದೆ, ಅದರಲ್ಲಿ ಚಕ್ರವಿರುವ ಬ್ಯಾಗಿನ ಸ್ವಂತ ತೂಕವೇ ಮೂರು ನಾಲ್ಕು ಕಿಲೋ ಇರುತ್ತದೆ ಎಂಬುದನ್ನು ಮರೆಯಬಾರದು.

ಹಮಾಲರು ಇದ್ದಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಹುಬ್ಬಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ಇದ್ದಾರೆ, ನಿಜ. ಇಲ್ಲಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು 2023ರ ಮಾರ್ಚಿನಲ್ಲಿ ಪ್ರಧಾನಿಯವರು ಉದ್ಘಾಟಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಆದರೆ ಇಪ್ಪತ್ತೆರಡು ಬೋಗಿಗಳ ರೈಲೊಂದು ತಾನೇ ಅರ್ಧ ಕಿಲೋಮೀಟರಿಗೂ ಉದ್ದವಿರುವಾಗ, ತಮ್ಮ ಬೋಗಿ ಆ ತುದಿಯಲ್ಲಿದೆ ಎಂದು ಗೊತ್ತಾದ ಮೇಲೆ ಬ್ಯಾಗಿನ ಹಿಡಿಕೆಯನ್ನು ಕೈಯಿಂದ ಕೈಗೆ ಬದಲಿಸುತ್ತ ನಡೆಯುವವರನ್ನು ನಾನು ನೋಡುತ್ತಲೇ ಇರುತ್ತೇನೆ. ರೈಲು ಎರಡೇ ನಿಮಿಷ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ಹಮಾಲರನ್ನು ಹುಡುಕುವುದಕ್ಕೆ ಪುರಸೊತ್ತೇ ಇರುವುದಿಲ್ಲ. ಕಾಶಿಯಲ್ಲಿ ಆಟೋ ಗೋದೌಲಿಯಾದ ಆಚೀಚೆ ನಿಂತುಬಿಡುತ್ತದೆ. ಘಾಟಿನ ಬಳಿ ವಸತಿ ಹಿಡಿದವರು ಅಲ್ಲಿಂದ ಮುಂದೆ ಗಲ್ಲಿಗಳ ಹಾಸುಗಲ್ಲಿನ ಮೇಲೆ, ದನಗಳ ನಡುವೆ ನಡೆದೇ ಹೋಗಬೇಕು, ಅಲ್ಲಿ ಚಕ್ರಗಳೂ ಬಹಳ ಉಪಕಾರಕ್ಕೆ ಬರುವುದಿಲ್ಲ. ಇನ್ನು ಕೇದಾರನಾಥಕ್ಕೆ ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಸಿಗುವ ಸಾಮಾನಿನ ಮಿತಿ ಎರಡು ಕಿಲೋ ಮಾತ್ರ.

ಕಳೆದ ಬೇಸಿಗೆಯಲ್ಲಿ ಚಾರಧಾಮಕ್ಕೆ ಹೊರಟಿದ್ದ ಧಾರವಾಡದ ನಿವೃತ್ತ ಶಿಕ್ಷಕ ದಂಪತಿ ತಮ್ಮ ಬ್ಯಾಗು ಒಮ್ಮೆ ನೋಡಿ ಹೋಗಿ ಎಂದು ಕರೆದಿದ್ದರು. ಎರಡು ದೊಡ್ಡ ಟ್ರಾಲಿ ಬ್ಯಾಗು, ಒಂದು ಬುತ್ತಿಯ ಚೀಲ. ಕೊಕ್ಕೆಯ ತೂಕದ ಯಂತ್ರಕ್ಕೆ ಸಿಕ್ಕಿಸಿದಾಗ ಮೊದಲ ಬ್ಯಾಗು 23 ಕಿಲೋ ತೋರಿಸಿತು. ತೆರೆದರೆ ಎಲ್ಲಕ್ಕಿಂತ ಮೇಲೆ ಮಡಚಿಟ್ಟ ಕೌದಿ, ಅದರ ಕೆಳಗೆ ಎರಡು ಚಾದರ, ದಪ್ಪ ಟರ್ಕಿಶ್ ಟವೆಲ್ ನಾಲ್ಕು, ಸ್ಟೀಲಿನ ತಂಬಿಗೆ, ಪೂಜೆಯ ಡಬ್ಬಿ, ಅರ್ಧ ಲೀಟರಿನ ಕೊಬ್ಬರಿ ಎಣ್ಣೆಯ ಬಾಟಲಿ, ಬಟ್ಟೆ ಒಗೆಯುವ ಪುಡಿಯ ಒಂದು ಕಿಲೋ ಪೊಟ್ಟಣ. "ಇರ್ಲಿ ಬಿಡ್ರೀ ಸರ್, ಅಲ್ಲಿ ಬೇಕಾದೀತು" ಎಂದು ಆ ತಾಯಿಯವರು ಪ್ರತಿಯೊಂದಕ್ಕೂ ಹೇಳುತ್ತಿದ್ದರು. "ಅಕ್ಕಾರ, ಇದು ಅಲ್ಲಿ ಸಿಗೋದಿಲ್ಲೇನ್ರೀ?" ಎಂದು ನಾನು ಪ್ರತಿಯೊಂದಕ್ಕೂ ಕೇಳುತ್ತಿದ್ದೆ. ಎಸಿ ಬೋಗಿಯಲ್ಲಿ ಹಾಸಿಗೆ ಹೊದಿಕೆ ಕೊಡುತ್ತಾರೆ, ಬದರಿಯ ವಸತಿಗೃಹಗಳಲ್ಲಿ ರಜಾಯಿ ಕೊಡುತ್ತಾರೆ, ಒಗೆಯುವ ಪುಡಿ ಹಿಮಾಲಯದ ಚಿಕ್ಕ ಅಂಗಡಿಯಲ್ಲೂ ಐದು ಹತ್ತು ರೂಪಾಯಿಗೆ ದೊರೆಯುತ್ತದೆ. ಕೌದಿಯೊಂದನ್ನು ತೆಗೆದದ್ದೇ ಮೂರು ಕಿಲೋ ಇಳಿಯಿತು. ನಾಲ್ಕು ಟರ್ಕಿಶ್ ಟವೆಲ್ಲಿನ ಜಾಗದಲ್ಲಿ ಎರಡು ತೆಳು ಪಂಜಾ ಬಂದವು, ಒದ್ದೆಯಾದ ಟರ್ಕಿಶ್ ಟವೆಲ್ ತಂಪು ಪ್ರದೇಶದಲ್ಲಿ ಎರಡು ದಿನವಾದರೂ ಆರುವುದಿಲ್ಲ, ಪಂಜಾ ಒಂದು ರಾತ್ರಿಯಲ್ಲಿ ಆರುತ್ತದೆ.

ಹೀಗೆ ತೆಗೆಯುವಾಗ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದೂ ಅಷ್ಟೇ ಸ್ಪಷ್ಟವಾಗುತ್ತದೆ. ಅಲ್ಲಿ ಸಿಗದ್ದು, ಅಥವಾ ಸಿಗುವಷ್ಟರಲ್ಲಿ ತೊಂದರೆ ಆಗಿಹೋಗುವಂಥದ್ದು: ದಿನನಿತ್ಯದ ಔಷಧ, ಎರಡನೇ ಚಷ್ಮಾ, ಕಾಲಿಗೆ ಹೊಂದಿಕೊಂಡ ಹಳೆಯ ಬೂಟು, ಮೊಣಕಾಲಿನ ಪಟ್ಟಿ, ಮೂಲ ಗುರುತಿನ ಚೀಟಿ. ಸೋಪು, ಪೇಸ್ಟು, ಬಾಚಣಿಕೆಯ ಬಗ್ಗೆ ಇಲ್ಲಿ ಒಂದು ಸಾಲು ಬರೆಯುವುದೂ ಹೆಚ್ಚೇ.

ಔಷಧದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಬಿಪಿ, ಶುಗರ್ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಸಣ್ಣ ಡಬ್ಬಿಗೆ ಹಾಕಿಕೊಳ್ಳುವ ರೂಢಿ ನಮ್ಮಲ್ಲಿದೆ, ಅದರಿಂದ ಒಂದೆರಡು ತೊಲ ತೂಕ ಉಳಿಯಬಹುದು, ಆದರೆ ಬೇರೆ ಊರಿನ ವೈದ್ಯರಿಗೆ ಅಥವಾ ಔಷಧದ ಅಂಗಡಿಯವರಿಗೆ ತೋರಿಸಲು ಹೆಸರೇ ಇಲ್ಲದಂತಾಗುತ್ತದೆ. ಪಟ್ಟಿಯ ಸಮೇತ, ವೈದ್ಯರ ಚೀಟಿಯೊಂದಿಗೆ, ಪ್ರವಾಸದ ದಿನಗಳಿಗಿಂತ ಮೂರು ನಾಲ್ಕು ದಿನಕ್ಕೆ ಹೆಚ್ಚಾಗುವಷ್ಟು ಒಯ್ಯಬೇಕು. ಅರ್ಧವನ್ನು ಹೆಂಡತಿಯ ಕೈಚೀಲದಲ್ಲಿ, ಅರ್ಧವನ್ನು ಗಂಡನ ಕೈಚೀಲದಲ್ಲಿ ಇಟ್ಟರೆ ಒಂದು ಚೀಲ ಕಳೆದುಹೋದರೂ ಒಂದು ವಾರದ ಧೈರ್ಯ ಇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ವಿಮಾನದ ಹೊಟ್ಟೆಗೆ ಹೋಗುವ ಬ್ಯಾಗಿನಲ್ಲಿ ಇಡಬಾರದು. ಅಲ್ಲಿನ ಚಳಿಗೆ ಹೆಪ್ಪುಗಟ್ಟುವ ಅಪಾಯವಿದೆ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ನಂಬಿಕೆಗೆ ಅರ್ಹವಲ್ಲ.

ಬಟ್ಟೆಯ ಲೆಕ್ಕವನ್ನು ಹೆಚ್ಚಿನವರು ದಿನಗಳ ಮೇಲೆ ಹಾಕುತ್ತಾರೆ: ಹನ್ನೆರಡು ದಿನದ ಪ್ರವಾಸ, ಹನ್ನೆರಡು ಜೊತೆ. ಇದನ್ನು ಒಗೆತದ ಮೇಲೆ ಹಾಕಬೇಕು. ಮೂರು ದಿನಕ್ಕೊಮ್ಮೆ ಒಗೆಯಲು ಅನುಕೂಲವಿದ್ದರೆ ಮೈಮೇಲಿನದನ್ನು ಬಿಟ್ಟು ಮೂರು ಜೊತೆ ಸಾಕು, ಅದು ಒಂದು ವಾರಕ್ಕೂ ಅಷ್ಟೇ, ಮೂರು ವಾರಕ್ಕೂ ಅಷ್ಟೇ. ಒಗೆದದ್ದು ಆರದಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಶ್ರಾವಣದಲ್ಲಿ ಶೃಂಗೇರಿ, ಹೊರನಾಡಿನ ಕಡೆ ಹೋಗುವವರ ಹತ್ತಿ ಬಟ್ಟೆ ಮೂರು ದಿನ ಹಗ್ಗದ ಮೇಲೇ ತೂಗಾಡುತ್ತದೆ, ಅಂಥಲ್ಲಿಗೆ ನೂಲು ಮಿಶ್ರಿತ ಪಾಲಿಯೆಸ್ಟರ್ ಒಳ್ಳೆಯದು, ಖಾದಿಯ ಅಭಿಮಾನವನ್ನು ಹತ್ತು ದಿನ ಕಪಾಟಿನಲ್ಲಿ ಇಟ್ಟು ಹೋದರೆ ಪಾಪವೇನೂ ಬರುವುದಿಲ್ಲ. ಸೀರೆ ಉಡುವವರು ಸೀರೆಗಳನ್ನು ಆರಿಸುವ ಮೊದಲು ಲಂಗವನ್ನು ಆರಿಸಬೇಕು ಎಂದು ನಮ್ಮ ಪ್ರವಾಸಗಳ ಉಸ್ತುವಾರಿ ನೋಡುವ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ, ಆ ಮಾತು ನನಗೆ ಬಹಳ ಸರಿಯೆನಿಸಿದೆ. ಒಂದೇ ಬಣ್ಣದ ಎರಡು ಲಂಗ, ಎರಡು ಕುಪ್ಪಸಗಳಿಗೆ ಹೊಂದುವ ಮೂರು ಹಗುರ ಸೀರೆಗಳನ್ನು ತೆಗೆದಿಟ್ಟರೆ ಅರ್ಧ ಬ್ಯಾಗು ಖಾಲಿ ಉಳಿಯುತ್ತದೆ. ಜರಿಯ ಸೀರೆ, ರೇಷ್ಮೆ ಸೆರಗಿನ ಇಳಕಲ್ ಒಂದೊಂದೇ ಅರ್ಧ ಕಿಲೋದ ಆಜೂಬಾಜು ತೂಗುತ್ತವೆ. ದೇವರ ಮುಂದೆ ಉಡಲೆಂದು ಒಂದನ್ನು ಒಯ್ಯಿರಿ, ಬೇಡವೆನ್ನುವುದಿಲ್ಲ.

ಚಳಿಗೆ ದಪ್ಪದ ಒಂದೇ ಬಟ್ಟೆಗಿಂತ ತೆಳುವಾದ ಮೂರು ಪದರ ಮೇಲು, ಏಕೆಂದರೆ ಮೈ ಬೆಚ್ಚಗೆ ಇಡುವುದು ಪದರಗಳ ನಡುವೆ ನಿಂತ ಗಾಳಿ. ಎಷ್ಟು ಚಳಿ ಇರುತ್ತದೆ ಎಂಬುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಹುಬ್ಬಳ್ಳಿ ಇರುವುದು 600ರಿಂದ 700 ಮೀಟರಿನ ನಡುವೆ, ಕೇದಾರನಾಥ ಸುಮಾರು 3583 ಮೀಟರಿನಲ್ಲಿ. ಎತ್ತರವೊಂದರಿಂದಲೇ ಹದಿನೆಂಟು ಹತ್ತೊಂಬತ್ತು ಡಿಗ್ರಿಯ ವ್ಯತ್ಯಾಸ ಬಂತು. ಗಾಳಿ, ಮಳೆ, ರಾತ್ರಿಯ ಚಳಿ ಇದರ ಮೇಲೆ ಕೂಡುತ್ತವೆ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್ ಇದ್ದರೆ ಸಾಕಾಗುತ್ತದೆ, ಮೂರೂ ಸೇರಿ ಆ ಕೌದಿಯ ಅರ್ಧ ತೂಕ ಆಗುವುದಿಲ್ಲ.

ಬಟ್ಟೆಯನ್ನು ಮಡಚಬೇಕೋ ಸುರುಳಿ ಸುತ್ತಬೇಕೋ ಎಂದು ಜನ ಬಹಳ ಕೇಳುತ್ತಾರೆ. ಸುರುಳಿ ಸುತ್ತಿದರೆ ಸುಕ್ಕು ಕಡಿಮೆ, ಮೂಲೆಗಳೂ ತುಂಬುತ್ತವೆ. ಗಾಳಿ ಎಳೆದು ಬಟ್ಟೆಯನ್ನು ಹಲಗೆಯಂತೆ ಮಾಡುವ ಪ್ಲಾಸ್ಟಿಕ್ ಚೀಲಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಅವು ಜಾಗವನ್ನು ಉಳಿಸುತ್ತವೆ, ತೂಕವನ್ನಲ್ಲ, ಉಳಿದ ಜಾಗಕ್ಕೆ ಮತ್ತೆರಡು ಸೀರೆ ಸೇರದೆ ಇರುವುದಿಲ್ಲ. ಭಾರದ ವಸ್ತುಗಳು ಚಕ್ರದ ಕಡೆಗೆ, ರಾತ್ರಿ ಬೇಕಾಗುವವು ಎಲ್ಲಕ್ಕಿಂತ ಮೇಲೆ. ದೊಡ್ಡ 28 ಇಂಚಿನ ಬ್ಯಾಗು ಕೊಳ್ಳುವ ಮೊದಲು ರೈಲಿನ ಕೆಳ ಬರ್ತಿನ ಅಡಿಯ ಜಾಗ ನೆನಪಿಸಿಕೊಳ್ಳಿ. ರೈಲ್ವೆ ಒಪ್ಪುವ ಪೆಟ್ಟಿಗೆಯ ಗರಿಷ್ಠ ಅಳತೆಯಲ್ಲಿ ದಪ್ಪ 25 ಸೆಂಟಿಮೀಟರ್, ಆ ಬ್ಯಾಗುಗಳ ದಪ್ಪ ಸಾಮಾನ್ಯವಾಗಿ ಅದನ್ನು ಮೀರುತ್ತದೆ, ಕೊನೆಗೆ ಅದು ಕಾಲು ಚಾಚುವ ದಾರಿಯಲ್ಲೇ ಕೂರುತ್ತದೆ.

ಇನ್ನು ಬುತ್ತಿ. ನಮ್ಮ ಕಡೆಯವರಿಗೆ ಬುತ್ತಿ ಇಲ್ಲದ ಪ್ರವಾಸ ಪ್ರವಾಸವೇ ಅಲ್ಲ, ಅದನ್ನು ಬಿಡಿ ಎಂದು ಹೇಳುವ ಧೈರ್ಯ ನನಗೂ ಇಲ್ಲ. ನಿಜ ಹೇಳಬೇಕೆಂದರೆ ದೂರದ ಪ್ರವಾಸಕ್ಕೆ ಕಡಕ್ ರೊಟ್ಟಿಗಿಂತ ಜಾಣತನದ ಆಹಾರ ಮತ್ತೊಂದಿಲ್ಲ. ಜೋಳದ ರೊಟ್ಟಿಯನ್ನು ಬೇಯಿಸಿ, ಒಣಗಿಸಿ ನೀರಿನ ಪಸೆಯನ್ನು ತೆಗೆದುಬಿಟ್ಟಿರುವುದರಿಂದ ಅದು ಹಗುರವೂ ಹೌದು, ವಾರಗಟ್ಟಲೆ ಕೆಡುವುದೂ ಇಲ್ಲ. ಅದರ ಶತ್ರು ಒತ್ತಡ ಮತ್ತು ತೇವ. ಹತ್ತು ಹನ್ನೆರಡರ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಅಗಲ ಡಬ್ಬಿಯಲ್ಲಿ ಮಟ್ಟಸವಾಗಿ ಇಟ್ಟರೆ ಊರು ಮುಟ್ಟುವ ತನಕ ಇಡಿಯಾಗಿ ಉಳಿಯುತ್ತವೆ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳ ಪುಡಿ ಇರಲಿ, ಎಣ್ಣೆಯನ್ನು ಅಲ್ಲೇ ಕೊಂಡು ಕಲೆಸಿಕೊಳ್ಳಿ. ಉಪ್ಪಿನಕಾಯಿಯ ಬಾಟಲಿ, ಎಣ್ಣೆ ಸುರಿದ ಬದನೆಕಾಯಿ ಪಲ್ಲೆ, ತುಪ್ಪ ಹಾಕಿದ ಮಾದಲಿಯ ದೊಡ್ಡ ಡಬ್ಬಿ, ಇವು ಭಾರವೂ ಹೌದು, ಸೋರಿದರೆ ಬ್ಯಾಗಿನ ಬಟ್ಟೆಯನ್ನೆಲ್ಲ ಕೆಡಿಸುತ್ತವೆ. ಪಲ್ಲೆ ಮೊದಲ ದಿನಕ್ಕೆ ಮಾತ್ರ. ಬುತ್ತಿಯ ಚೀಲ ಬೇರೆಯೇ ಇರಬೇಕು, ಅದು ದಿನದಿನಕ್ಕೆ ಖಾಲಿಯಾಗುತ್ತ ಹೋಗುವುದೇ ಅದರ ಗುಣ.

ವಿಮಾನದಲ್ಲಿ ಹೋಗುವವರಿಗೆ ಬುತ್ತಿಯ ನಿಯಮಗಳು ಬೇರೆ. ದೇಶದೊಳಗಿನ ಅಗ್ಗದ ದರದ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋದ ಬ್ಯಾಗು, ಕೈಯಲ್ಲಿ 7 ಕಿಲೋ. ದೇವಿಯ ಗುಡಿಗೆ ಹೊರಟ ಹೆಣ್ಣುಮಕ್ಕಳ ಚೀಲದಲ್ಲಿ ಉಡಿ ತುಂಬುವ ಸಾಮಾನು ಇದ್ದೇ ಇರುತ್ತದೆ: ಕುಪ್ಪಸದ ಖಣ, ಅರಿಶಿನ ಬೇರು, ಉತ್ತತ್ತಿ, ಕೊಬ್ಬರಿ ಬಟ್ಟಲು. ಉಳಿದದ್ದಕ್ಕೆಲ್ಲ ತಕರಾರಿಲ್ಲ, ಆದರೆ ಒಣಕೊಬ್ಬರಿಯನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಒಳಗೆ ಹಾಕುವ ಬ್ಯಾಗಿನಲ್ಲೂ ಬಿಡುವುದಿಲ್ಲ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನಯಾನದ ನಿಯಮಗಳಲ್ಲಿ ಎಣಿಸಲಾಗಿದೆ. ತಪಾಸಣೆಯವರು ಅದನ್ನು ತೆಗೆದಿಟ್ಟಾಗ ಅಪಶಕುನವೆಂದು ಕಣ್ಣಲ್ಲಿ ನೀರು ತಂದುಕೊಂಡವರಿದ್ದಾರೆ; ಗುಡಿಯ ಮುಂದಿನ ಅಂಗಡಿಯಲ್ಲೇ ಕೊಳ್ಳುವುದು ಲೇಸು. ಪವರ್ ಬ್ಯಾಂಕಿನ ನಿಯಮ ಇದರ ತಿರುಗುಮುರುಗು, ಅದು ಕೈಚೀಲದಲ್ಲೇ ಇರಬೇಕು, ಒಳಗಿನ ಬ್ಯಾಗಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ವರೆಗಿನದಕ್ಕೆ ವಿಶೇಷ ಅನುಮತಿ ಬೇಕಿಲ್ಲ, ಅಂಗಡಿಯಲ್ಲಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಯುರೋಪಿನಲ್ಲಿರುವ ಮಗಳಿಗೆಂದು ಧಾರವಾಡ ಪೇಡೆ ಕಟ್ಟಿಸಿಕೊಂಡು ಹೋಗುವವರು ಒಂದು ವಿಷಯ ತಿಳಿದಿರಬೇಕು: ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತಮ್ಮ ಸಾಮಾನಿನಲ್ಲಿ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಶೇಂಗಾ ಉಂಡಿ ಕಟ್ಟಿಸಿಕೊಳ್ಳಿ, ಅದರಲ್ಲಿ ಹಾಲಿಲ್ಲ.

ಮರಳುವಾಗಿನ ತೂಕವನ್ನು ಹೊರಡುವಾಗಲೇ ಎಣಿಸಿಡಬೇಕು. ಕಾಶಿಯಿಂದ ಗಂಗೆಯ ಗಿಂಡಿ, ಬನಾರಸಿ ಸೀರೆ, ನೆರೆಹೊರೆಯವರಿಗೆ ಪ್ರಸಾದ, ಮೊಮ್ಮಕ್ಕಳಿಗೆ ಮರದ ಆಟಿಕೆ ಇವು ಬಂದೇ ಬರುತ್ತವೆ, ಆದ್ದರಿಂದ ಹುಬ್ಬಳ್ಳಿ ಬಿಡುವಾಗ ಬ್ಯಾಗಿನ ಕಾಲು ಭಾಗ ಖಾಲಿ ಇರಲಿ. ಖಾಲಿಯಾದ ಬುತ್ತಿಯ ಚೀಲವೂ ಆಗ ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಮೀರಿದರೆ ಅಲ್ಲಿನ ಅಂಚೆ ಕಚೇರಿಯಿಂದ ಮನೆಯ ವಿಳಾಸಕ್ಕೆ ಪಾರ್ಸಲ್ ಮಾಡಬಹುದು, ಹಿಂದಿರುಗುವ ವಿಮಾನದಲ್ಲಿ ಹೆಚ್ಚುವರಿ ಕಿಲೋಗೆ ತೆರುವ ದುಡ್ಡಿಗಿಂತ ಸಾಮಾನ್ಯವಾಗಿ ಅದು ಅಗ್ಗವಾಗಿ ಮುಗಿಯುತ್ತದೆ. ಧಾರವಾಡದ ಆ ದಂಪತಿ ಕೊಕ್ಕೆಯ ತೂಕದ ಯಂತ್ರವನ್ನು ನಮ್ಮಿಂದ ಕೇಳಿ ಒಯ್ದಿದ್ದರು. ಅದು ಅಂಗೈಯಷ್ಟು ದೊಡ್ಡದು, ನೂರು ಗ್ರಾಮಿನ ಆಸುಪಾಸು ತೂಗುತ್ತದೆ, ಹೋಟೆಲಿನ ಕೋಣೆಯಲ್ಲೇ ಬ್ಯಾಗು ತೂಗಿ ನೋಡಲು ಅದೊಂದು ಹೆಚ್ಚುವರಿ ವಸ್ತುವನ್ನು ಒಯ್ಯುವುದಕ್ಕೆ ನನ್ನ ಆಕ್ಷೇಪವಿಲ್ಲ.